ಹಿತ್ತಿಲ ಜಗುಲಿ

೨೦ ಡಿಸೆಂಬರ್ ೧೯೬೧, ಹೊನ್ನಾವರ

ಗೋವಾ ಬಿಡುಗಡೆಯಾಯಿತು. ಮಧ್ಯಾಹ್ನದ ಹುಬ್ಬಳ್ಳಿ ಮೋಟಾರಿಗೆ ಬರಬೇಕಾದ ಪತ್ರಿಕೆ ಸಂಜೆ ಬಂತು. ಮಾಮಲೇದಾರ ಕಚೇರಿಯಲ್ಲಿ ಇಂದು ಯಾರೂ ಕೆಲಸ ಮಾಡಲಿಲ್ಲ. ರೇಡಿಯೋ ಇರುವ ಅಂಗಡಿಯ ಮುಂದೆ ಬಂದರದ ಜನವೆಲ್ಲ ಸೇರಿತ್ತು. ಕಾರವಾರದ ಕಡೆಯಿಂದ ಬಂದವರು ಹೇಳುವುದಕ್ಕೂ ಪತ್ರಿಕೆಯಲ್ಲಿ ಇರುವುದಕ್ಕೂ ತಾಳೆಯಾಗುವುದಿಲ್ಲ. ಅಚ್ಚಾದದ್ದನ್ನು ನಂಬುವುದು ನನ್ನ ಕ್ರಮ.

ಫೆಬ್ರವರಿಯಲ್ಲಿ ಚುನಾವಣೆ. ಮತದಾರರ ಯಾದಿಯ ಕೆಲಸ ನನ್ನ ಮೇಜಿಗೆ ಬಂದಿದೆ.

ಮನೆಯಲ್ಲಿ ಊಟಕ್ಕೆ ತಡ. ಇವಳಿಗೆ ಸೊಂಟನೋವಂತೆ. ವಯಸ್ಸಾಯಿತು ಎಂದೆ. ಅನ್ನ ಬಿರುಸಾಗಿತ್ತು.

೨೮ ಡಿಸೆಂಬರ್

ಕುಮಟೆಗೆ ಕೊಟ್ಟ ಮಗಳು ಮಹಾಲಕ್ಷ್ಮೀ ನಾಲ್ಕು ದಿನ ಇರಲು ಬಂದಿದ್ದಾಳೆ. ತಾಯಿ ಬಡವಾಗಿದ್ದಾಳೆ ಎನ್ನುತ್ತಾಳೆ. ದಿನವೂ ನೋಡುವವರಿಗೆ ಅಂಥದ್ದು ತಿಳಿಯುವುದಿಲ್ಲ.

ಪತ್ರಿಕೆಯಲ್ಲಿ ಅಷ್ಟಗ್ರಹದ ಗದ್ದಲ. ಫೆಬ್ರವರಿಯ ಮೊದಲ ವಾರ ಎಂಟು ಗ್ರಹಗಳು ಮಕರ ರಾಶಿಯಲ್ಲಿ ಕೂಡುತ್ತವೆ, ಪ್ರಳಯವಾಗುತ್ತದೆ ಎಂದು ಜ್ಯೋತಿಷಿಗಳು. ಏನೂ ಆಗುವುದಿಲ್ಲ ಎಂದು ಅದೇ ಪತ್ರಿಕೆಯ ಮೂರನೆಯ ಪುಟದಲ್ಲಿ ಖಗೋಳಶಾಸ್ತ್ರದವರು. ಎರಡನ್ನೂ ಓದಿದೆ. ಮೂರನೆಯ ಪುಟದಲ್ಲಿ ಲೆಕ್ಕವಿತ್ತು.

೩೦ ಡಿಸೆಂಬರ್

ಬೆಳಿಗ್ಗೆ ಮಹಾಲಕ್ಷ್ಮೀ ನನ್ನನ್ನು ಬಾವಿಯ ಕಟ್ಟೆಯ ಹತ್ತಿರ ಕರೆದಳು. ಬಚ್ಚಲ ಕಟ್ಟಿಗೆಯ ಹಿಂದೆ ತೊಳೆದ ಬಟ್ಟೆಯ ತುಂಡುಗಳನ್ನು ಒಣಗಲು ಹಾಕಿದ್ದು ಅವಳ ಕಣ್ಣಿಗೆ ಬಿದ್ದಿದೆ.

"ಅಪ್ಪಯ್ಯಾ, ಆಯಿಗೆ ಮತ್ತೆ ಹೊರಗೆ ಆಗ್ತಾ ಇದ್ದು."

"ಅದು ನಿಂತು ಎರಡು ವರ್ಷ ಆತಲ್ಲೇ."

"ಮಳೆಗಾಲದಿಂದ ಇದ್ದಡ. ನಿಲ್ತೇ ಇಲ್ಲೆಯಡ."

ನನಗೆ ಮೊದಲು ಹೊಳೆದದ್ದು ದೇವರ ವಿಷಯ. ಹಿಂದೆ ತಿಂಗಳಲ್ಲಿ ಮೂರು ದಿನ ಇವಳು ಹಿತ್ತಿಲ ಜಗುಲಿಯಲ್ಲಿ ಚಾಪೆ ಹಾಕಿಕೊಂಡು ಕೂರುತ್ತಿದ್ದಳು. ಆ ಮೂರು ದಿನ ನಾನು ಖಾನಾವಳಿಗೆ ಹೋಗುತ್ತಿದ್ದೆ. ನಿಂತ ಮೇಲೆ ಒಂದು ದಿನವೂ ಮನೆಯಲ್ಲಿ ನೈವೇದ್ಯ ತಪ್ಪಿಲ್ಲ. ಹಾಗಾದರೆ ಮಳೆಗಾಲದಿಂದ ಇಂದಿನವರೆಗೆ ದೇವರಿಗೆ ಇಟ್ಟದ್ದೆಲ್ಲ ಮೈಲಿಗೆಯೇ. ಕೋಪ ಬಂತು. ಒಳಗೆ ಹೋಗಿ ಕೇಳಿದೆ.

ಇವಳು ತೆಂಗಿನಕಾಯಿ ತುರಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಹೇಳಿದ್ರೆ ನಿಂಗ ಜಗುಲಿ ಮೇಲೆ ಕೂರ್ಸ್ತಿದ್ರಿ. ಮೂರು ದಿನ ಆದ್ರೆ ಅಡ್ಡಿಲ್ಲೆ. ಇದು ನಿಲ್ತೇ ಇಲ್ಲೆ. ಎಷ್ಟು ದಿನ ಹೇಳಿ ಕೂರಲಿ? ಮುವತ್ತು ವರ್ಷ ಕೂತಿದ್ದೆ. ಈ ಎರಡು ವರ್ಷ ಒಲೆ, ದೇವರ ದೀಪ ಎಲ್ಲಾ ದಿನಾ ನಂದೇ ಆಗಿತ್ತು. ಬಿಟ್ಟು ಕೊಡಲೆ ಮನಸ್ಸು ಬಂಜಿಲ್ಲೆ."

ಮಾತು ಮುಗಿಸಿ ಎದ್ದವಳು ಗೋಡೆ ಹಿಡಿದು ನಿಂತಳು. ಮುಖ ಬಿಳುಚಿತ್ತು. ಅಷ್ಟು ಬಿಳುಚಿರುವುದನ್ನು ನಾನು ಹಿಂದೆ ಗಮನಿಸಿರಲಿಲ್ಲ.

ಮಧ್ಯಾಹ್ನ ಮಹಾಲಕ್ಷ್ಮೀ ಅಡುಗೆ ಮಾಡಿದಳು.

೩ ಜನವರಿ ೧೯೬೨

ಕುಮಟೆಯಲ್ಲಿ ನಾಡಕರ್ಣಿ ಡಾಕ್ಟರ್ ಬಾಯಿಯವರ ದವಾಖಾನೆ. ಹೆಂಗಸರ ಕಾಯಿಲೆಗೆ ಈ ಕಡೆ ಹೆಸರಾದವರು. ಇವಳ ಜೊತೆ ಒಳಗೆ ಮಹಾಲಕ್ಷ್ಮೀ ಹೋದಳು. ನಾನು ಹೊರಗೆ ಬೆಂಚಿನ ಮೇಲೆ ಪತ್ರಿಕೆ ಹಿಡಿದು ಕೂತೆ.

ಡಾಕ್ಟರ್ ಬಾಯಿ ಹೊರಗೆ ಬಂದು, "ಎಂತ ಭಟ್ರೇ, ಮಳೆಗಾಲದಲ್ಲಿ ಶುರುವಾದದ್ದನ್ನು ಈಗ ತಕ್ಕೊಂಡು ಬಂದಿರಾ?" ಎಂದರು. ಗರ್ಭಕೋಶದ ಬಾಯಿಯಲ್ಲಿ ಗಡ್ಡೆ ಇದೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಅದು ಬರುವವರೆಗೆ ಖಚಿತವಾಗಿ ಹೇಳುವುದಿಲ್ಲ, ಆದರೆ ತಮಗೆ ಸಂಶಯ ಉಳಿದಿಲ್ಲ ಎಂದರು. "ಹೆದರಬೇಡಿ. ಬದಿಗೆ ಹೆಚ್ಚು ಹರಡಿಲ್ಲ. ಗುಣ ಆಗುವ ಕಾಲ ಇನ್ನೂ ಮೀರಿಲ್ಲ. ಕಾಯುವ ಕಾಲ ಮೀರಿದೆ."

ಬರುವಾಗ ಮೋಟಾರಿನಲ್ಲಿ ಇವಳು ಕಿಟಕಿಯ ಕಡೆ ಕೂತಿದ್ದಳು. ಹೊರಗಿನ ಗಾಳಿ ಚಂದ ಇದ್ದು ಎಂದಳು.

೨೨ ಜನವರಿ

ಪರೀಕ್ಷೆಯ ಫಲ ಬಂತು. ಕ್ಯಾನ್ಸರ್. ಬೊಂಬಾಯಿಗೆ ಹೋಗಬೇಕು, ಕಿರಣ ಮತ್ತು ರೇಡಿಯಂ ಅಲ್ಲಿ ಮಾತ್ರ.

ಮಾಮಲೇದಾರರ ಮುಂದೆ ರಜೆ ಕೇಳಿದೆ. "ಚುನಾವಣೆ ಬಾಗಿಲಿಗೆ ಬಂದಾಗ ಕಾರಕೂನ ಎದ್ದು ಹೋದರೆ ಯಾದಿ ಯಾರು ನೋಡಬೇಕು?" ಎಂದು ಸಿಟ್ಟಾದರು. ಕಾರಣ ಹೇಳಿದೆ. ಅರ್ಜಿ ತೆಗೆದುಕೊಂಡರು.

೨೬ ಜನವರಿ

ಕಾಯ್ಕಿಣಿಯಿಂದ ಮಾದೇವಿ ಅಕ್ಕ ಬಂದಿದ್ದಾಳೆ. ನನಗಿಂತ ಎಂಟು ವರ್ಷ ದೊಡ್ಡವಳು, ಗಂಡ ತೀರಿಕೊಂಡ ಮೇಲೆ ಮಡಿ ಇನ್ನಷ್ಟು ಬಿಗಿಯಾಗಿದೆ. ತಾರಿಯ ದೋಣಿಯಲ್ಲಿ ಹೊಳೆ ದಾಟಿ ಬಂದವಳು ಮೊದಲು ಮಿಂದಳು. ಆಮೇಲೆ ಇವಳ ಚಾಪೆಯನ್ನು ಹಿತ್ತಿಲ ಜಗುಲಿಗೆ ಒಯ್ದು ಹಾಕಿದಳು. ಇವಳು ಹೋಗಿ ಕೂತಳು.

ಊಟಕ್ಕೆ ಕೂತಾಗ ಅಕ್ಕ ವಿಷಯ ತೆಗೆದಳು.

"ತಮಾ, ಅಷ್ಟಗ್ರಹ ಕಳೆಯೂವರೆಗೆ ಹೊರಡಡ. ಅಂಥಾ ದಿನ ಪ್ರಯಾಣ ಮಾಡದಾ? ಮಠದಲ್ಲಿ ಶಾಂತಿ ಮಾಡಿಸ್ತ್ರಡ. ಅದಾದ ಮೇಲೆ ಒಳ್ಳೆ ದಿನ ನೋಡು. ಹದಿನೈದು ದಿನಕ್ಕೆ ಎಂತ ಆಗ್ತು?"

"ಡಾಕ್ಟರ್ ಬಾಯಿ ಕಾಯಲಾಗ ಹೇಳಿದ್ದು."

"ಡಾಕ್ಟರ್ ಬಾಯಿಗೆ ಪಂಚಾಂಗ ಗೊತ್ತಿದ್ದಾ?"

ಜಗುಲಿಯಿಂದ ಇವಳ ದನಿ ಕೇಳಿತು. "ಅತ್ತಿಗೇ, ಪ್ರಳಯ ಆದ್ರೆ ಬೊಂಬಾಯಿ, ಕಾಯ್ಕಿಣಿ ಎಲ್ಲಾ ಒಟ್ಟಿಗೇ ಹೋಗ್ತು. ಆಗದಿದ್ರೆ ಎನ್ನ ಚಿಕಿತ್ಸೆ ಎಂತಕ್ಕೆ ತಡ ಆಗವು?"

ಇವಳು ಇಷ್ಟು ಲೆಕ್ಕವಾಗಿ ಮಾತಾಡುತ್ತಾಳೆಂದು ನನಗೆ ತಿಳಿದಿರಲಿಲ್ಲ. ಟಿಕೆಟಿನ ವ್ಯವಸ್ಥೆ ಮಾಡಿದೆ.

೨೯ ಜನವರಿ

ಹೊರಡುವ ಮೊದಲು ಬಂದರ ರಸ್ತೆಯ ಆಯುರ್ವೇದದ ಪಂಡಿತರನ್ನು ಕಂಡೆ. ಗುಳಿಗೆಯಿಂದ ಗಡ್ಡೆ ಕರಗಿಸುವವರು ಭಟಕಳದ ಆಚೆ ಇದ್ದಾರೆ ಎಂದು ಯಾರೋ ಹೇಳಿದ್ದರು. ಅದನ್ನೇ ಕೇಳಿದೆ.

"ಕರಗಿಸ್ತೇನೆ ಅಂತ ಹೇಳುವವನ ಹತ್ರ ಹೋಗಬೇಡಿ ಭಟ್ರೇ. ಈ ಗಂಟು ನನ್ನ ಔಷಧಕ್ಕೆ ಬಗ್ಗೋದಲ್ಲ. ರೇಡಿಯಂ ತಕ್ಕೊಂಡು ಬನ್ನಿ. ಆಮೇಲೆ ಹೊಟ್ಟೆ ಕೆಡ್ತದೆ, ನಿದ್ದೆ ಹೋಗ್ತದೆ, ಊಟ ರುಚಿಸೋದಿಲ್ಲ. ಅದಕ್ಕೆ ನಾನಿದ್ದೇನೆ. ನಾನು ಕೊಡೋದನ್ನೆಲ್ಲ ಡಾಕ್ಟರ್ ಬಾಯಿಗೂ ತಿಳಿಸಿ."

ಡಾಕ್ಟರ್ ಬಾಯಿಯವರೂ ಇದೇ ಮಾತು ಹೇಳಿದ್ದರು: ಯಾರು ಏನು ಕೊಟ್ಟರೂ ತಮಗೆ ಗೊತ್ತಿರಬೇಕು.

೪ ಫೆಬ್ರವರಿ, ರೈಲಿನಲ್ಲಿ

ಇಂದು ಪ್ರಳಯದ ದಿನ. ಪುಣೆಯಲ್ಲಿ ಗಾಡಿ ಬದಲಿಸಿದೆವು. ಡಬ್ಬಿಯಲ್ಲಿ ನಮ್ಮನ್ನು ಬಿಟ್ಟರೆ ಒಬ್ಬ ಮುದುಕ ಮಾತ್ರ. ಅಷ್ಟಗ್ರಹಕ್ಕೆ ಹೆದರಿ ಯಾರೂ ಮನೆ ಬಿಟ್ಟು ಹೊರಟಿಲ್ಲ. ಇವಳು ಒಂದು ಇಡೀ ಬೆಂಚಿನ ಮೇಲೆ ಕಾಲು ಚಾಚಿ ಮಲಗಿದ್ದಾಳೆ.

"ಎಂಟು ಗ್ರಹ ಕೂಡಿ ಎನಗೆ ಮಲಗಲೆ ಜಾಗ ಮಾಡಿ ಕೊಟ್ಟಿದ್ದು" ಎಂದಳು.

ನಾನು ನಕ್ಕೆ. ಪತ್ರಿಕೆ ಕೊಳ್ಳುವುದು ಮರೆತುಹೋಯಿತು.

೧೩ ಫೆಬ್ರವರಿ, ಬೊಂಬಾಯಿ

ಪರೇಲಿನಲ್ಲಿ ಕುಮಟೆಯವರೊಬ್ಬರ ಖೋಲಿಯಲ್ಲಿ ಇದ್ದೇವೆ. ಅವರು ಊರಿಗೆ ಹೋಗಿದ್ದಾರೆ. ಇವಳು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಕಿರಣ ಪಡೆದು ಬರಬೇಕು, ರವಿವಾರ ಬಿಟ್ಟು. ದೊಡ್ಡ ಯಂತ್ರ. ನೋವಿಲ್ಲವಂತೆ. ಆಚೆ ಕೋಣೆಯಿಂದ ಗಾಜಿನಲ್ಲಿ ನೋಡುತ್ತಿರುತ್ತಾರಂತೆ.

ಹೊರಗಿನ ಊಟ ಇವಳಿಗೆ ಸೇರುವುದಿಲ್ಲ. ಈರುಳ್ಳಿ ವಾಸನೆಗೇ ವಾಂತಿ. ಕೊನೆಗೆ ನಾನು ಸ್ಟೋವ್ ಹಚ್ಚಿದೆ. ಇವಳು ಮಲಗಿದಲ್ಲಿಂದಲೇ ಹೇಳುತ್ತ ಹೋದಳು. ಅಕ್ಕಿ ತೊಳೆಯುವಾಗಲೇ ಅರ್ಧ ಚೆಲ್ಲಿತು.

"ಆ ಪಾತ್ರೆ ಮಾಮಲೇದಾರರಲ್ಲ, ಹೆದರಿಕೆ ಬ್ಯಾಡ. ಗಟ್ಟಿಯಾಗಿ ಹಿಡ್ಕಳಿ."

ಗಂಜಿ ತಳ ಹಿಡಿಯಿತು. ಉಂಡಳು. ಮುಖ ಸಿಂಡರಿಸಲಿಲ್ಲ. ನಾನು ಉಂಡು ನೋಡಿದೆ, ತಿನ್ನುವಂತಿರಲಿಲ್ಲ. ಹಾಗಾದರೆ ಇವಳು ಹೇಗೆ ಉಂಡಳು?

೨೧ ಫೆಬ್ರವರಿ

ಗಂಜಿ ಸರಿಯಾಯಿತು.

೨೮ ಫೆಬ್ರವರಿ

ಚುನಾವಣೆಯ ಫಲಿತಾಂಶಗಳು ಬರುತ್ತಿವೆ. ನಮ್ಮ ಕ್ಷೇತ್ರದ್ದು ಇಲ್ಲಿಯ ಪತ್ರಿಕೆಯಲ್ಲಿ ಸಿಗಲಿಲ್ಲ. ಇವಳಿಗೆ ಸುಸ್ತು. ಮೆಟ್ಟಿಲು ಹತ್ತುವಾಗ ನನ್ನ ತೋಳು ಹಿಡಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಬೀದಿಯಲ್ಲಿ ಹೀಗೆ ಹಿಡಿದದ್ದು ಇದೇ ಮೊದಲು. ಬೊಂಬಾಯಿಯಲ್ಲಿ ಯಾರೂ ನೋಡುವುದಿಲ್ಲ. ಸೋರುವುದು ಕಡಿಮೆಯಾಗಿದೆ ಎಂದಳು. ಕೇಳದೆಯೇ ಹೇಳಿದಳು.

೧೭ ಮಾರ್ಚ್

ರೇಡಿಯಂ ಇಟ್ಟು ತೆಗೆದರು. ಮೊದಲ ಸರದಿ ಮುಗಿಯಿತು. ಇವಳನ್ನು, ಗಂಗೆಯನ್ನು, ಒಂಟಿ ಕೋಣೆಯಲ್ಲಿ ಮೂರು ದಿನ ಮಲಗಿಸಿದ್ದರು. ಹೊರಳುವಂತಿಲ್ಲ. ನರ್ಸ್‌ಬಾಯಿ ಸೀಸದ ಪರದೆಯ ಮರೆಯಲ್ಲಿ ನಿಂತು ಬೇಗ ಬೇಗ ಕೆಲಸ ಮುಗಿಸಿ ಹೋಗುತ್ತಾಳೆ. ನನ್ನನ್ನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಲು ಬಿಟ್ಟರು. ಮುಟ್ಟುವಂತಿಲ್ಲ.

ಅವಳೇ ಹೇಳಿದಳು:

"ನೋಡಿ, ಇಷ್ಟು ದೂರ ಬಂದ್ರೂ ಮೂರು ದಿನ ಹೊರಗೇ. ಯಾರೂ ಮುಟ್ಟಲಾಗ. ಅತ್ತಿಗೆಗೆ ಹೇಳಿ, ಇಲ್ಲಿ ಮಡಿ ಜೋರಿದ್ದು ಹೇಳಿ."

ಹಾಗೆಂದು ನಕ್ಕಳು. ನಗುವಾಗ ನೋವಾಗಿರಬೇಕು, ಹಲ್ಲು ಕಚ್ಚಿದಳು. ನನಗೆ ನಗು ಬರಲಿಲ್ಲ. ಖೋಲಿಗೆ ಬಂದು ಯೋಚಿಸಿದೆ. ಹಿತ್ತಿಲ ಜಗುಲಿಯಲ್ಲಿ ಕೂತಿದ್ದಾಗ ನಾನು ಒಂದು ಸಲವೂ ಹೋಗಿ ನಿಂತು ಮಾತಾಡಿಸಿದ್ದಿಲ್ಲ. ಖಾನಾವಳಿಯಿಂದ ನೇರ ಮುಂಬಾಗಿಲಿಗೆ ಬರುತ್ತಿದ್ದೆ. ಅದು ಆಗಿನ ಪದ್ಧತಿ.

೩೧ ಮಾರ್ಚ್

ಎರಡನೆಯ ಸರದಿಯೂ ಮುಗಿಯಿತು. ಗಡ್ಡೆ ಬಹಳ ಕುಗ್ಗಿದೆ ಎಂದರು. ಎರಡು ತಿಂಗಳಿಗೊಮ್ಮೆ ಕುಮಟೆಯಲ್ಲಿ ತೋರಿಸಬೇಕು. ಕುದಿಸಿದ ನೀರು, ಹಗುರವಾದ ಊಟ, ದಿನಾ ಸ್ವಲ್ಪ ನಡೆಯುವುದು. ಮತ್ತೆ ರಕ್ತ ಕಂಡರೆ ಅಂದೇ ಹೇಳಬೇಕು. ಈ ಕೊನೆಯ ಮಾತನ್ನು ಡಾಕ್ಟರು ನನ್ನ ಮುಖ ನೋಡಿ ಹೇಳಿದರು. ನಾನು ಗಂಗೆಯ ಮುಖ ನೋಡಿದೆ.

೬ ಏಪ್ರಿಲ್, ಹೊನ್ನಾವರ

ನಿನ್ನೆ ಯುಗಾದಿಯ ದಿನ ಮನೆ ಸೇರಿದೆವು. ಅಕ್ಕ ಮನೆ ಸಾರಿಸಿ ಕಾಯುತ್ತಿದ್ದಳು. ಗಂಗೆಯನ್ನು ನೋಡಿ ಕಣ್ಣೀರು ಹಾಕಿದಳು. ಆದರೆ ಹಿತ್ತಿಲ ಜಗುಲಿಯಲ್ಲಿ ಚಾಪೆ ಮೊದಲೇ ಹಾಸಿಟ್ಟಿದ್ದಳು. "ಪೂರ್ತಿ ನಿಂತಿದ್ದು ಹೇಳಿ ಗೊತ್ತಾಗಲಿ, ಆಮೇಲೆ ಒಳಗೆ" ಎಂದಳು.

ಜಗುಲಿಯಲ್ಲಿ ಮಧ್ಯಾಹ್ನ ಬಿಸಿಲು ಹೊಡೆಯುತ್ತದೆ. ಚಾಪೆಯನ್ನು ನಡುಮನೆಗೆ ತಂದು ಹಾಸಿದೆ. ಬೇರೆ ಕಾರಣವಿಲ್ಲ.

ಅಕ್ಕ ಸಂಜೆಯೇ ತಾರಿ ದಾಟಿ ಹೋದಳು.

೧೯ ಏಪ್ರಿಲ್

ಹೊಟ್ಟೆ ಕೆಟ್ಟಿದೆ. ದಿನದಲ್ಲಿ ಎಷ್ಟೋ ಸಲ ಹೋಗಬೇಕು. ಗಂಗೆಗೆ ಏಳಲು ಶಕ್ತಿಯಿಲ್ಲ. ಶಕ್ತಿ ಬರಲೆಂದು ಹಾಲು ತುಪ್ಪ ಹೆಚ್ಚು ಮಾಡಿದೆ. ನೆಂಟರೂ ಹಾಲು ತಂದು ಕೊಡುತ್ತಿದ್ದಾರೆ. ನಮ್ಮಲ್ಲಿ ಬಡವಾದವರಿಗೆ ಮೊದಲು ಕೊಡುವುದೇ ಹಾಲು.

೨೩ ಏಪ್ರಿಲ್

ಇನ್ನೂ ಹೆಚ್ಚಾಯಿತು. ಸೀರೆ ತೊಳೆಯಲು ಮಹಾಲಕ್ಷ್ಮೀ ಇಲ್ಲ, ನಾನೇ ತೊಳೆದೆ. ಗಂಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ನಿಂಗಳ ಹತ್ರ ಇದನ್ನೂ ಮಾಡಿಸಕ್ಕಾತು" ಎಂದಳು. ನೀರು ಕಾಯಿಸಿದರೆ ಬೇಗ ಹೋಗುತ್ತದೆ ಎಂದು ತಿಳಿಯಿತು. ಅದನ್ನೇ ಹೇಳಿದೆ.

"ತಣ್ಣೀರಲ್ಲೇ ಬೇಗ ಹೋಗದು. ಬಿಸಿ ನೀರಾದ್ರೆ ಕಲೆ ಕೂತ್ಬಿಡ್ತು" ಎಂದಳು. ಬಚ್ಚಲಿಗೆ ಹೋಗಿ ನೋಡಿದೆ. ಕೂತಿತ್ತು.

೨೪ ಏಪ್ರಿಲ್

ಪಂಡಿತರು ಬಂದು ನೋಡಿ, ಹಾಲು ನಿಲ್ಲಿಸಿ ಎಂದರು. ಕುಮಟೆಗೆ ಹೋಗಿ ಡಾಕ್ಟರ್ ಬಾಯಿಯವರನ್ನು ಕೇಳಿದೆ, ಅವರೂ ಅದನ್ನೇ ಅಂದರು. ಕಿರಣ ತಾಗಿದ ಕರುಳಿಗೆ ಹಾಲು ಕೆಲವು ದಿನ ಜೀರ್ಣವಾಗುವುದಿಲ್ಲ. ಒಂದು ವಾರ ನಾನೇ ಕಾಯಿಲೆಗೆ ಹಾಲೆರೆದಿದ್ದೇನೆ.

ಪಂಡಿತರು ಹೇಳಿದ್ದು ದಾಳಿಂಬೆ ಸಿಪ್ಪೆಯ ತಂಬುಳಿ. ಒಣಗಿದ ಸಿಪ್ಪೆಯನ್ನು ಜೀರಿಗೆಯೊಡನೆ ಹುರಿದು, ಕಾಯಿಯ ಜೊತೆ ಅರೆದು, ಕಡೆದ ಮಜ್ಜಿಗೆಯಲ್ಲಿ ಕದಡುವುದು. ಡಾಕ್ಟರ್ ಬಾಯಿ ಅಡ್ಡಿ ಹೇಳಲಿಲ್ಲ. "ನಮ್ಮ ಆಯಿಯೂ ಮಾಡ್ತಿದ್ದರು. ಜೊತೆಗೆ ನಾನು ಕೊಟ್ಟ ಮಾತ್ರೆಯೂ ಹೋಗಲಿ. ಹಸಿಮೆಣಸು ಹಾಕಬೇಡಿ ಮಾತ್ರ" ಎಂದರು.

೨ ಮೇ

ಹೊಟ್ಟೆ ಹಿಡಿತಕ್ಕೆ ಬಂತು. ಗಂಗೆ ಬೆಳಿಗ್ಗೆ ಎರಡನೆಯ ಸಲ ಗಂಜಿ ಕೇಳಿದಳು. ಕಚೇರಿಗೆ ತಡವಾಗಿ ಹೋದೆ.

೧೪ ಮೇ

ಸಂಜೆ ತಾರಿಯವರೆಗೆ ನಡೆಸಿಕೊಂಡು ಹೋದೆ. ಅಲ್ಲಿ ಕಲ್ಲಿನ ಮೇಲೆ ಕೂತು ದೋಣಿಗಳನ್ನು ನೋಡಿದೆವು. ಅಷ್ಟು ದೂರ ನಡೆದದ್ದಕ್ಕೆ ಗಂಗೆಗೆ ಹೆಮ್ಮೆ. ತಾರಿಯ ಬದಿಯಲ್ಲಿ ಒಣಮೀನು ಮಾರುವ ದುರ್ಗಿ ದೂರದಿಂದಲೇ ಕೂಗಿದಳು: "ಅಮ್ಮಾ, ಬೊಂಬಾಯಿಂದ ಬಂದ್ರಾ? ಭಟ್ರು ನಿಮ್ನ ಕೈ ಹಿಡ್ಕೊಂಡು ತಿರ್ಗಿಸ್ತ್ರು ಅಂತ ಬಂದರದ ತುಂಬಾ ಸುದ್ದಿ!"

ನಾನು ಕೈ ಬಿಟ್ಟೆ. ಗಂಗೆ ಬಿಡಲಿಲ್ಲ.

ಪತ್ರಿಕೆ ಮೇಜಿನ ಮೇಲೆ ಹಾಗೇ ಇದೆ.

೧೦ ಜೂನ್

ಮಳೆ ಹಿಡಿಯಿತು. ಡಾಕ್ಟರ್ ಬಾಯಿ ನೋಡಿದರು. ಒಳಗೆ ಚೆನ್ನಾಗಿ ಮಾಯುತ್ತಿದೆ, ಗಡ್ಡೆ ಕೈಗೆ ಸಿಗುವುದಿಲ್ಲ ಎಂದರು. ಪಂಡಿತರ ಎಣ್ಣೆಯಿಂದ ಸೊಂಟ ಉಜ್ಜುತ್ತೇನೆಂದು ಹೇಳಿದೆ. ಕಿರಣ ತಾಗಿದ ಜಾಗ ಬಿಟ್ಟು ಉಜ್ಜಿ ಎಂದರು. ಬಿಟ್ಟೇ ಉಜ್ಜುತ್ತಿದ್ದೇನೆ.

ಈಗ ಒಲೆಯ ಮುಂದೆ ಇಬ್ಬರೂ ಇರುತ್ತೇವೆ. ಗಂಗೆ ಕೂತು ಹೆಚ್ಚುತ್ತಾಳೆ, ನಾನು ಕಲಕುತ್ತೇನೆ. ಒಂದೆಲಗದ ತಂಬುಳಿ ನನ್ನದೇ ಚೆನ್ನಾಗಿ ಆಗುತ್ತದೆ ಎಂದು ನನ್ನ ಅಭಿಪ್ರಾಯ. ಗಂಗೆ ಒಪ್ಪುವುದಿಲ್ಲ.

೧೫ ಜುಲೈ

ದುರ್ಗಿ ಹಿತ್ತಿಲ ಬಾಗಿಲಿಗೆ ಬಂದಿದ್ದಳು. "ಅಮ್ಮನ ಹತ್ರ ಒಂದ್ ಮಾತಿತ್ತು. ಭಟ್ರು ಆಚೆ ಹೋದ್ರೆ ಹೇಳ್ತೆ." ನಾನು ಮುಂಜಗುಲಿಗೆ ಹೋದೆ. ಹಿತ್ತಿಲ ಜಗುಲಿಯಲ್ಲಿ ಬಹಳ ಹೊತ್ತು ಮಾತಾಡಿದರು. ಅವಳಿಗೆ ಕುಮಟೆಗೆ ಹೋಗುವ ಮೋಟಾರಿನ ಹೊತ್ತು ಬೇಕಿತ್ತು. ಕೂಗಿ ಹೇಳಿದೆ.

೫ ಆಗಸ್ಟ್

ದುರ್ಗಿಗೆ ಬರೀ ಹುಣ್ಣಂತೆ, ಔಷಧಕ್ಕೆ ಗುಣವಾಗುತ್ತಿದೆಯಂತೆ. ಅವಳು ಇನ್ನಿಬ್ಬರನ್ನು ಕರೆದುಕೊಂಡು ಬಂದಿದ್ದಳು. ಆಚೆ ಬೀದಿಯ ಶಾನುಭಾಗರ ಸೊಸೆಯೂ ಬಂದಳು. ಮಳೆಯಲ್ಲಿ ನಾನು ಮುಂಜಗುಲಿಯಲ್ಲೇ ಕೂತೆ. ಇತ್ತೀಚೆಗೆ ಪತ್ರಿಕೆ ಓದಲು ನನಗೆ ಈ ಹೊತ್ತೊಂದೇ ಸಿಗುತ್ತದೆ.

೩ ಸಪ್ಟೆಂಬರ್

ಚೌತಿ. ಅಕ್ಕ ನಿನ್ನೆಯೇ ಬಂದಿದ್ದಳು. ಏಪ್ರಿಲ್ ನಂತರ ಬಂದದ್ದು ಈಗಲೇ. ಗಂಗೆಗೆ ರಕ್ತ ಕಾಣದೆ ತಿಂಗಳುಗಳಾದ್ದರಿಂದ ನೈವೇದ್ಯ ಗಂಗೆಯೇ ಮಾಡಲಿ ಎಂದು ತಾನಾಗಿ ಹೇಳಿದಳು. ಗಂಗೆ ನಸುಕಿನಲ್ಲೇ ಮಿಂದು ಮಡಿ ಉಟ್ಟು ಒಲೆ ಹೊತ್ತಿಸಿದಳು. ಅಷ್ಟು ಖುಷಿಯಾಗಿದ್ದದ್ದನ್ನು ನಾನು ನೋಡಿಲ್ಲ. ಹಿತ್ತಿಲಿಗೊಮ್ಮೆ ಹೋಗಿ ಬಂದವಳು ಬಾಣಲೆಯ ಮುಂದೆ ಕೂತು ಚಕ್ಕುಲಿ ಬಿಡತೊಡಗಿದಳು. ಎರಡು ಬಿಟ್ಟಳು. ಮೂರನೆಯದಕ್ಕೆ ಚಕ್ಕುಲಿ ಒತ್ತುವ ಒರಳನ್ನು ಕೆಳಗಿಟ್ಟಳು.

"ಕೇಳ್ತ್ರಾ? ಈಗ ಹಿತ್ಲಿಗೆ ಹೋದಾಗ ಚೂರು ಕಂಡ್ತು."

ಅಕ್ಕ ಹೂವು ಕಟ್ಟುತ್ತಿದ್ದಳು. ಕೈ ನಿಂತಿತು. "ಎಂತ ಕಂಡ್ತು?"

"ರಕ್ತ."

"ಹಬ್ಬದ ದಿನ, ದೇವರ ಎದ್ರಿಗೆ ಕೂತ್ಕಂಡು ಹೇಳ್ತ್ಯಾ ಅದನ್ನ!"

"ಹೋದ ವರ್ಷ ಹೇಳಿದ್ನಿಲ್ಲೆ ಅತ್ತಿಗೆ. ಎಂತ ಆತು ಹೇಳಿ ಕಂಡಿದ್ರಿ ಅಲ್ದಾ. ಈ ಸಲ ಹೇಳ್ತೆ. ಯಾರ ಎದ್ರಿಗಾದ್ರೂ ಹೇಳ್ತೆ."

ಬೊಂಬಾಯಿಯ ಡಾಕ್ಟರ ಮಾತು ನೆನಪಾಯಿತು. ನಾಳೆ ಬೆಳಗಿನ ಮೊದಲ ಮೋಟಾರಿಗೆ ಕುಮಟೆಗೆ ಹೋಗುವಾ ಎಂದೆ.

ಗಂಗೆ ಎದ್ದಳು. ಹಿತ್ತಿಲ ಕಡೆ ಹೋಗಲಿಲ್ಲ. ಅಡುಗೆಮನೆಗೂ ನಡುಮನೆಗೂ ನಡುವಿನ ಹೊಸ್ತಿಲ ಹತ್ತಿರ ಕೂತಳು. "ಮುಂದಿಂದು ನಿಂಗ ಮಾಡಿ. ಆನು ಹೇಳ್ತೆ."

ನಾನು ಮಿಂದು ಬಂದು ಬಾಣಲೆಯ ಮುಂದೆ ಕೂತೆ. ನನ್ನ ಚಕ್ಕುಲಿ ಒಂದೂ ದುಂಡಗಾಗಲಿಲ್ಲ. ಅಕ್ಕ ಎದ್ದು ನಿಂತು ನನ್ನನ್ನೂ ಗಂಗೆಯನ್ನೂ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. "ಗಣಪತಿಗೆ ಹೊಟ್ಟೆ ನೋವು ಬತ್ತು ನಿನ್ನ ಚಕ್ಕುಲಿ ತಿಂದ್ರೆ" ಎಂದಷ್ಟೇ ಹೇಳಿ ಕೂತಳು. ಊಟ ಮಾಡಲಿಲ್ಲ. ಹಾಲು ಹಣ್ಣು ತೆಗೆದುಕೊಂಡಳು.

ಸಂಜೆ ಅಕ್ಕ ಗಂಗೆಯನ್ನು ಕೇಳುತ್ತಿದ್ದದ್ದು ಕಿವಿಗೆ ಬಿತ್ತು. "ಆ ಡಾಕ್ಟರ್ ಬಾಯಿ ಹ್ಯಾಂಗೆ ನೋಡ್ತು?" ಮತ್ತು, "ನೋಯ್ತಾ?" ಗಂಗೆಗಾಗಿ ಮರುಕಪಟ್ಟು ಕೇಳಿರಬೇಕು.

೧೨ ಸಪ್ಟೆಂಬರ್

ಡಾಕ್ಟರ್ ಬಾಯಿ ಚೂರು ತೆಗೆದು ಕಳಿಸಿದ್ದರು. ಫಲ ಬಂತು. ಕಾಯಿಲೆ ಇಲ್ಲ. ರೇಡಿಯಂ ತಾಗಿದ ಜಾಗದ ಚರ್ಮ ತೆಳುವಾಗಿರುತ್ತದೆ, ಹಾಗೆ ಚೂರು ಒಸರಿದ್ದು. ಕಾಯಿಲೆ ಇಲ್ಲ ಎಂದು ಎರಡು ಸಲ ಹೇಳಿಸಿಕೊಂಡೆ.

"ಕಂಡ ಮರುದಿನವೇ ಬಂದು ಹೇಳಿದಿರಲ್ಲ, ಹೀಗೇ ಇರಬೇಕು" ಎಂದು ಡಾಕ್ಟರ್ ಬಾಯಿ ಗಂಗೆಯ ಬೆನ್ನು ತಟ್ಟಿದರು.

ಬರುವಾಗ ಕುಮಟೆಯ ಪೇಟೆಯಲ್ಲಿ ಗಂಗೆಗೆ ಒಂದು ಸೀರೆ ತೆಗೆದೆ. ನಾನು ಆರಿಸಿದ್ದು ನೀಲಿ ಬಣ್ಣ. ಗಂಗೆ ಬೇರೆ ಬಣ್ಣ ತೋರಿಸಿದಳು, ಅದನ್ನು ತೆಗೆದೆ.

೨೨ ಅಕ್ಟೋಬರ್

ಚೀನಾದವರು ಗಡಿ ದಾಟಿದ್ದಾರೆ. ಕಚೇರಿಯಲ್ಲಿ ಇದೇ ಮಾತು.

ಮಧ್ಯಾಹ್ನ ಮನೆಗೆ ಬಂದರೆ ಅಕ್ಕ ಬಂದಿದ್ದಳು. ಬರುವ ಸುದ್ದಿ ಇರಲಿಲ್ಲ. ಯಾಕೆ ಬಂದೆ ಎಂದರೆ, "ತಮ್ಮನ ಮನೆಗೆ ಬರಲೆ ಎಂತ ಆಗವು?" ಎಂದಳು. ಮಿಂದವಳು ಗಂಗೆಯ ಕೈ ಹಿಡಿದು ಹಿತ್ತಿಲ ಜಗುಲಿಗೆ ಕರೆದುಕೊಂಡು ಹೋದಳು. ಆಚೆಯಿಂದ ಬಾಗಿಲಿಗೆ ಅಗಳಿ ಹಾಕಿದ ಸದ್ದು ಕೇಳಿತು.

ನಾನು ಮುಂಜಗುಲಿಯಲ್ಲಿ ಯುದ್ಧದ ಸುದ್ದಿ ಓದುತ್ತ ಕೂತೆ. ಒಂದೇ ಸಾಲು ಹಲವು ಸಲ ಓದಿದೆ. ನೀರು ಕುಡಿಯಲು ಒಳಗೆ ಹೋದಾಗ ಕಿಟಕಿಯಿಂದ ಕಂಡಿತು. ಗಂಗೆ ಮೂವತ್ತು ವರ್ಷ ಕೂತಿದ್ದ ಜಾಗದಲ್ಲಿ, ಒಂದೇ ಚಾಪೆಯ ಮೇಲೆ, ಇಬ್ಬರೂ ಕೂತಿದ್ದರು. ಅಕ್ಕ ಅಳುತ್ತಿದ್ದಳು. ಗಂಗೆ ಅವಳ ಬೆನ್ನ ಮೇಲೆ ಕೈಯಿಟ್ಟಿದ್ದಳು.

ಸಂಜೆ ಗಂಗೆ ಬಂದು ಹೇಳಿದಳು. "ನಾಳೆ ಬೆಳಗಿನ ಮೋಟಾರಿಗೆ ಕುಮಟೆಗೆ ಹೋಪನ. ಮೂರು ಜನ."

"ಯಾರಿಗೆ ತೋರಿಸಲೆ?"

"ಅತ್ತಿಗೆಗೆ. ನವರಾತ್ರಿಯಿಂದ ಕಾಣ್ತಾ ಇದ್ದಡ. ಚೌತಿ ದಿನದ್ದು ನೆನಪಾತಡ, ಅದಕ್ಕೇ ಎದ್ದು ಬಂಜು."

೨೪ ಅಕ್ಟೋಬರ್

ಕುಮಟೆಯಿಂದ ನಿನ್ನೆ ಸಂಜೆ ಬಂದೆವು. ಡಾಕ್ಟರ್ ಬಾಯಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಏನೆಂದು ಇನ್ನೂ ಹೇಳಲಾಗುವುದಿಲ್ಲ. ಆದರೆ ಏನೇ ಇದ್ದರೂ ಬಹಳ ಸಣ್ಣದು, ಬಹಳ ಬೇಗ ಬಂದಿದ್ದಾರೆ ಎಂದರು. "ಯಾರು ಕರಕೊಂಡು ಬಂದ್ರು ನಿಮ್ಮನ್ನು?" ಎಂದು ಅಕ್ಕನನ್ನು ಕೇಳಿದರು. ಅಕ್ಕ ಗಂಗೆಯ ಕಡೆ ತೋರಿಸಿದಳು. ಬೊಂಬಾಯಿಗೆ ಹೋಗಬೇಕಾದರೆ ನಾವೇ ಕರೆದುಕೊಂಡು ಹೋಗುತ್ತೇವೆ. ದಾರಿ ಗೊತ್ತಿದೆ.

ಪರೀಕ್ಷೆಯ ಫಲ ಬರುವವರೆಗೆ ಅಕ್ಕ ಇಲ್ಲೇ ಇರುತ್ತಾಳೆ. ಇಂದು ಊಟಕ್ಕೆ ತಾನಾಗಿಯೇ ಬಾಳೆಲೆಯನ್ನು ಹಿತ್ತಿಲ ಜಗುಲಿಗೆ ಒಯ್ದು ಹಾಕಿಕೊಂಡಳು, ತನಗೆ ಅಲ್ಲೇ ಸರಿ ಎಂದಳು. ಗಂಗೆ ಆ ಎಲೆಯನ್ನೆತ್ತಿ ತಂದು ಒಳಗೆ ನನ್ನ ಎಲೆಯ ಪಕ್ಕದಲ್ಲಿ ಹಾಕಿದಳು. ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು. ಅನ್ನ ತಣ್ಣಗಾಗ್ತು, ಬನ್ನಿ ಅತ್ತಿಗೆ ಎಂದಳು ಗಂಗೆ. ಅಕ್ಕ ಬಂದು ಕೂತಳು. ಗಂಗೆ ಬಡಿಸಿದಳು.

ಒಂದೆಲಗದ ತಂಬುಳಿ ನಾನು ಮಾಡಿದ್ದು. ಅಕ್ಕ ಒಂದು ತುತ್ತು ಉಂಡು, "ಉಪ್ಪು ಕಮ್ಮಿ ಆಯ್ದು ತಮಾ" ಎಂದಳು.

ಗಂಗೆ ಒಪ್ಪಿದಳು. ನಾನು ಎದ್ದು ಉಪ್ಪು ತಂದೆ.